ಬಡಿತಕ್ಕೆ ಜಾಗ ಬಿಡುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಂಪ್ಯೂಟರ್ ಓದಿದರೆ ಮುಂದೆ ಏನೇನು ದಾರಿಗಳಿವೆ ಎಂದು ಹೇಳಲು ನನ್ನನ್ನು ಕರೆದಿದ್ದರು. ಅದನ್ನು ಹೇಳುವವರು ಇಂದು ಇನ್ನೂ ಇಬ್ಬರಿದ್ದಾರೆ. ಹಾಗಾಗಿ ಗುರುಗಳ ಅಪ್ಪಣೆ ಪಡೆದು ನಾನು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ನಿನ್ನೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲಿನ ಸ್ಪೀಕರಿನಲ್ಲಿ ನಮ್ಮ ಶಾಲೆಯ ಹಾಡು ಕೇಳಿದಿರಲ್ಲ, ಅದರ ಹಿಂದಿನ ತಾಳ ಕಟ್ಟಿದವನು ನಾನು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಅದೇ ಲ್ಯಾಪ್‌ಟಾಪಿನಲ್ಲಿ ತಾಳ ಕಟ್ಟುವ ಹುಚ್ಚು. ನೀವು ನಿನ್ನೆ ಕೇಳಿದ್ದು ಮೂರನೆಯ ಪ್ರಯತ್ನ. ಮೊದಲ ಎರಡು ಕೆಟ್ಟಿದ್ದವು. ಅವು ಯಾಕೆ ಕೆಟ್ಟವು ಎಂಬುದೇ ಇಂದಿನ ಮಾತು. ಅದರಲ್ಲಿ ನಿಮ್ಮ ಗಣಿತ ಪುಸ್ತಕದ ಋಣ ಸಂಖ್ಯೆಗಳೂ ಬರುತ್ತವೆ, ಹೆದರಬೇಡಿ.

ಎರಡು ತಿಂಗಳ ಹಿಂದೆ ನಮ್ಮ ಕನ್ನಡ ಶಿಕ್ಷಕರು ಫೋನ್ ಮಾಡಿ, "ಹಾಡು ನಾವು ಬರೆದುಕೊಂಡಿದ್ದೇವೆ ಕಣಪ್ಪ, ಮಕ್ಕಳು ಹಾಡುತ್ತಾರೆ. ಹುಡುಗರು ಕುಣಿಯುವ ಹಾಗೆ ಒಂದು ತಾಳ ಹಾಕಿಕೊಡು" ಎಂದರು. ಒಂಬತ್ತನೇ ತರಗತಿಯ ಹೆಣ್ಣುಮಕ್ಕಳು ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫೋನನ್ನು ಮೇಜಿನ ಮೇಲಿಟ್ಟು ಹಾಡಿದರು. ಒಬ್ಬರು ಹಾರ್ಮೋನಿಯಂ ನುಡಿಸಿದರು. ಹುಡುಗರು ಅಂಗಳದಲ್ಲಿ ತಮಟೆ ಬಾರಿಸಿದರು. ಮೂರನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಕಳಿಸಿದರು. ಅದಕ್ಕೆ ನಾನು ಎರಡು ಸದ್ದು ಸೇರಿಸಿದೆ. ಒಂದು ಕಿಕ್, ಅಂದರೆ ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ "ಧಬ್" ಎಂಬ ಸದ್ದು. ಇನ್ನೊಂದು ಬೇಸ್, ಅಂದರೆ ಕೆಳಗಿನ ಶ್ರುತಿಯಲ್ಲಿ ಗುಂಯ್ ಎನ್ನುವ ಸ್ವರ. ಒಟ್ಟು ಐದು ಟ್ರ್ಯಾಕು.

ನನಗೆ ಬೇಕಿದ್ದದ್ದು ಪಂಪಿಂಗ್ ಎಂಬ ಒಂದು ಪರಿಣಾಮ. ಅದು ಏನೆಂದು ಮೊದಲು ಹೇಳುತ್ತೇನೆ. ಕಾರಿನಲ್ಲಿ ಹಾಡು ಹಾಕಿಕೊಂಡು ಫೋನಿನ ಮ್ಯಾಪ್ ನೋಡುತ್ತಾ ಹೋಗುವಾಗ "ಮುಂದೆ ಎಡಕ್ಕೆ ತಿರುಗಿ" ಎಂಬ ದನಿ ಬಂದ ಕೂಡಲೇ ಹಾಡು ತಾನಾಗಿ ತಗ್ಗುತ್ತದೆ. ದನಿ ನಿಂತ ಮೇಲೆ ಹಾಡು ಮತ್ತೆ ಏರುತ್ತದೆ. ಇದನ್ನೇ ತಾಳಕ್ಕೆ ಕಟ್ಟಿದರೆ? ಕಿಕ್ ಬಿದ್ದಾಗಲೆಲ್ಲ ಹಾರ್ಮೋನಿಯಂ ಒಂದು ಕ್ಷಣ ತಗ್ಗಬೇಕು, ಕಿಕ್ ಹೋದ ಮೇಲೆ ಮತ್ತೆ ಉಬ್ಬಿ ಬರಬೇಕು. ಧಬ್, ಊಂ. ಧಬ್, ಊಂ. ಹಾಡೇ ಉಸಿರಾಡಿದಂತೆ ಕೇಳುತ್ತದೆ. ಕೂತವರ ತಲೆ ತಾನಾಗಿ ಅಲ್ಲಾಡುತ್ತದೆ.

ಹಿಂದೆ ಧ್ವನಿಮುದ್ರಣ ಮಾಡುವವರು ಇದನ್ನು ದೋಷ ಎಂದೇ ಎಣಿಸಿ ಕೇಳದಂತೆ ಮುಚ್ಚುತ್ತಿದ್ದರು. ಅದನ್ನು ಬೇಕೆಂದೇ ಎತ್ತಿ ತೋರಿಸಿದವರು ಕುಣಿತದ ಸಂಗೀತ ಮಾಡುವವರು. ಪ್ಯಾರಿಸ್ಸಿನ ಡಾಫ್ಟ್ ಪಂಕ್ ಜೋಡಿ ಇದಕ್ಕೆ ಬಳಸಿದ್ದು ಅಲೆಸಿಸ್ 3630 ಎಂಬ ಅಗ್ಗದ ಪೆಟ್ಟಿಗೆಯನ್ನು. ಸ್ವೀಡನ್ನಿನ ಎರಿಕ್ ಪ್ರಿಡ್ಜ್ 2004ರಲ್ಲಿ ತಂದ "ಕಾಲ್ ಆನ್ ಮಿ" ಹಾಡಿನಲ್ಲಿ ಈ ಉಬ್ಬು ತಗ್ಗು ಎಷ್ಟು ಸ್ಪಷ್ಟವೆಂದರೆ, ಇಂದಿಗೂ ಪಂಪಿಂಗ್ ಎಂದರೇನು ಎಂದು ಕೇಳಿದವರಿಗೆ ಅದನ್ನೇ ಉದಾಹರಣೆ ಕೊಡುತ್ತಾರೆ. ನಾನೂ ಕಾಲೇಜಿನಲ್ಲಿದ್ದಾಗ ಅದನ್ನು ಕೇಳಿಯೇ ಈ ಹುಚ್ಚಿಗೆ ಬಿದ್ದವನು.

ಈ ಕೆಲಸ ಮಾಡುವ ಸಲಕರಣೆಯ ಹೆಸರು ಕಂಪ್ರೆಸರ್. ಅದನ್ನು ವಾಲ್ಯೂಮ್ ಗುಂಡಿಯ ಮೇಲೆ ಕೈಯಿಟ್ಟು ಕೂತ ಒಬ್ಬ ಆಳು ಎಂದುಕೊಳ್ಳಿ. ಆತನಿಗೆ ನಾವು ನಾಲ್ಕು ಅಪ್ಪಣೆ ಕೊಡುತ್ತೇವೆ. ಸದ್ದು ಇಷ್ಟು ಮಟ್ಟ ದಾಟಿದರೆ ಮಾತ್ರ ಕೈ ಆಡಿಸು, ಇದು ಥ್ರೆಶೋಲ್ಡ್. ದಾಟಿದ್ದರಲ್ಲಿ ಇಷ್ಟು ಪಾಲು ಮಾತ್ರ ಉಳಿಸು, ಇದು ರೇಷಿಯೋ. ಇಷ್ಟು ಬೇಗ ತಗ್ಗಿಸು, ಇದು ಅಟ್ಯಾಕ್. ಸದ್ದು ಇಳಿದ ಮೇಲೆ ಇಷ್ಟು ಹೊತ್ತಿನಲ್ಲಿ ಗುಂಡಿಯನ್ನು ಮೊದಲಿದ್ದಲ್ಲಿಗೆ ತಾ, ಇದು ರಿಲೀಸ್. ಆಳು ಪ್ರಾಮಾಣಿಕ. ಹೇಳಿದ್ದನ್ನು ತಪ್ಪದೆ ಮಾಡುತ್ತಾನೆ. ಆದರೆ ಯಾವುದು ಕಿಕ್, ಯಾವುದು ಹಾರ್ಮೋನಿಯಂ ಎಂಬುದು ಆತನಿಗೆ ತಿಳಿಯದು. ಆತನಿಗೆ ಗೊತ್ತಿರುವುದು ಮಟ್ಟ ಮಾತ್ರ. ನಾನು ಎಡವಿದ್ದು ಇಲ್ಲಿಯೇ.

ಸದ್ದಿನ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಕಂಪ್ಯೂಟರಿನಲ್ಲಿ ಸೊನ್ನೆ ಎಂದರೆ ತುತ್ತತುದಿ. ಅದಕ್ಕಿಂತ ಮೇಲೆ ಜಾಗವಿಲ್ಲ, ದಾಟಿದರೆ ಅಲೆಯ ತಲೆ ಕತ್ತರಿಸಿ ಸದ್ದು ಒಡೆಯುತ್ತದೆ. ಹಾಗಾಗಿ ಎಲ್ಲ ಮಟ್ಟಗಳೂ ಮೈನಸ್‌ನಲ್ಲಿರುತ್ತವೆ. ಸಂಖ್ಯಾರೇಖೆ ನೆನಪಿಸಿಕೊಳ್ಳಿ. ಮೈನಸ್ 8 ದೊಡ್ಡದೋ ಮೈನಸ್ 12 ದೊಡ್ಡದೋ? ಹಾಂ, ಮೈನಸ್ 8 ದೊಡ್ಡದು, ಅದೇ ಜೋರಾದ ಸದ್ದು. 6 ಡೆಸಿಬಲ್ ಏರಿದರೆ ಅಲೆಯ ಎತ್ತರ ಸುಮಾರು ಎರಡು ಪಟ್ಟು, 6 ಇಳಿದರೆ ಸುಮಾರು ಅರ್ಧ.

ನಾನು ಐದೂ ಟ್ರ್ಯಾಕುಗಳನ್ನು ಒಂದೇ ಕಡೆ ಕೂಡಿಸಿ ಅದರ ಮೇಲೆ ಒಂದೇ ಕಂಪ್ರೆಸರ್ ಹಾಕಿದೆ. ಕಿಕ್ ಮೈನಸ್ 8ರಲ್ಲಿತ್ತು. ಹಾರ್ಮೋನಿಯಂ ನನಗೆ ಇಷ್ಟ, ಅದನ್ನು ಏರಿಸಿ ಮೈನಸ್ 12ಕ್ಕೆ ತಂದಿದ್ದೆ. ಥ್ರೆಶೋಲ್ಡ್ ಮೈನಸ್ 20. ರೇಷಿಯೋ ನಾಲ್ಕಕ್ಕೆ ಒಂದು, ಅಂದರೆ ಮಿತಿ ದಾಟಿದ ಪ್ರತಿ 4 ಡೆಸಿಬಲ್‌ನಲ್ಲಿ 1 ಮಾತ್ರ ಉಳಿಯುತ್ತದೆ, 3 ಹೋಗುತ್ತದೆ. ಹಾಡು ಹಾಕಿ ಕೇಳಿದೆ. ಎಲ್ಲವೂ ದಪ್ಪಗೆ, ಒತ್ತಾಗಿ ಕೇಳಿತೇ ಹೊರತು ಉಸಿರಾಟ ಇರಲಿಲ್ಲ. ಆಳು ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದುಕೊಂಡು ಥ್ರೆಶೋಲ್ಡನ್ನು ಮೈನಸ್ 32ಕ್ಕೆ ಇಳಿಸಿದೆ. ಒತ್ತು ಹೆಚ್ಚಾಯಿತು, ಉಸಿರಾಟ ಮಾತ್ರ ಬರಲಿಲ್ಲ. ಎರಡು ರಾತ್ರಿ ಹೀಗೆ ಗುಂಡಿ ತಿರುಗಿಸುತ್ತಾ ಕೂತೆ. ಮೂರನೆಯ ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಬರೆದೆ. ಅದನ್ನೇ ಈ ಕರಿಹಲಗೆಯ ಮೇಲೆ ಬರೆಯುತ್ತೇನೆ.

ಥ್ರೆಶೋಲ್ಡ್ ಮೈನಸ್ 20 ಇದ್ದಾಗ: ಹಾರ್ಮೋನಿಯಂ ಮಿತಿಯನ್ನು 8ರಷ್ಟು ದಾಟಿದೆ, ಅದರಲ್ಲಿ ಮುಕ್ಕಾಲು, ಅಂದರೆ 6 ಡೆಸಿಬಲ್ ತಗ್ಗಿಸುತ್ತಾನೆ. ಕಿಕ್ ಬಿದ್ದಾಗ 12ರಷ್ಟು ದಾಟಿದೆ, 9 ಡೆಸಿಬಲ್ ತಗ್ಗಿಸುತ್ತಾನೆ. ಕಿಕ್ ಇಲ್ಲದಾಗ 6, ಇದ್ದಾಗ 9. ನಮಗೆ ಕೇಳುವ ಉಬ್ಬು ತಗ್ಗು ಎಷ್ಟು? ಕೇವಲ 3.

ಥ್ರೆಶೋಲ್ಡ್ ಮೈನಸ್ 32 ಇದ್ದಾಗ: ಹಾರ್ಮೋನಿಯಂ 20ರಷ್ಟು ದಾಟಿದೆ, 15 ತಗ್ಗುತ್ತದೆ. ಕಿಕ್ 24ರಷ್ಟು ದಾಟಿದೆ, 18 ತಗ್ಗುತ್ತದೆ. ವ್ಯತ್ಯಾಸ? ಮತ್ತೆ ಅದೇ 3.

ಎರಡು ಸದ್ದು ಕೂಡಿದಾಗ ಮಟ್ಟ ಇನ್ನೂ ಸ್ವಲ್ಪ ಏರುತ್ತದೆ, ಲೆಕ್ಕ ಸರಳವಾಗಿರಲಿ ಎಂದು ಅದನ್ನು ಬಿಟ್ಟಿದ್ದೇನೆ. ಆದರೆ ಸಾರ ಇಷ್ಟೇ. ಕಿಕ್ ಮತ್ತು ಹಾರ್ಮೋನಿಯಂ ನಡುವೆ ನಾನು ಇಟ್ಟಿದ್ದ ಅಂತರವೇ 4 ಡೆಸಿಬಲ್. ಎರಡೂ ಮಿತಿ ದಾಟಿದ ಮೇಲೆ ಆ 4ರ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಉಬ್ಬು ತಗ್ಗು ಬರಲು ಸಾಧ್ಯವೇ ಇಲ್ಲ. ರೇಷಿಯೋ ಎಷ್ಟೇ ಏರಿಸಿದರೂ 4 ದಾಟದು. ಆಗಲೇ ಬಗ್ಗಿ ನಿಂತವನಿಗೆ ಇನ್ನೂ ಬಗ್ಗು ಎಂದರೆ ಎಷ್ಟು ಬಗ್ಗಿಯಾನು? ತಪ್ಪು ಕಂಪ್ರೆಸರಿನದ್ದಲ್ಲ. ಅದಕ್ಕೆ ಕಳಿಸುವ ಮೊದಲೇ ನಾನು ಮಟ್ಟ ಹೊಂದಿಸಿರಲಿಲ್ಲ.

ಹಾರ್ಮೋನಿಯಮ್ಮನ್ನು ಮೈನಸ್ 20ಕ್ಕೆ ಇಳಿಸಿದೆ, ಥ್ರೆಶೋಲ್ಡನ್ನೂ ಮೈನಸ್ 20ಕ್ಕೆ ತಂದೆ. ಬೇಸ್, ತಮಟೆ, ಹಾಡು ಮೂರನ್ನೂ ಅದರ ಆಸುಪಾಸಿಗೆ ಇಳಿಸಿದೆ. ಈಗ ಕಿಕ್ ಇಲ್ಲದಾಗ ಆಳು ಬಹುಪಾಲು ಸುಮ್ಮನಿರುತ್ತಾನೆ. ಕಿಕ್ ಬಿದ್ದರೆ 9 ಡೆಸಿಬಲ್ ತಗ್ಗಿಸುತ್ತಾನೆ. 3 ಡೆಸಿಬಲ್ ತಗ್ಗಿದರೆ ಅಲೆಯ ಎತ್ತರ ನೂರಕ್ಕೆ 71ರಷ್ಟು ಉಳಿದಿರುತ್ತದೆ, 9 ತಗ್ಗಿದರೆ ಸುಮಾರು 35. ಒಟ್ಟು ಸದ್ದು ಸಣ್ಣದಾಯಿತು ಎನ್ನಿಸಿದರೆ ಕಂಪ್ರೆಸರ್ ದಾಟಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸಿಕೊಳ್ಳಬಹುದು. ಧಬ್, ಊಂ. ಧಬ್, ಊಂ. ಎರಡು ರಾತ್ರಿ ಬಾರದ್ದು ಒಂದು ಟ್ರ್ಯಾಕ್ ಇಳಿಸಿದ್ದಕ್ಕೆ ಬಂತು. ಸಂತೋಷದಲ್ಲಿ ಬೆಳಗಿನ ಜಾವವೇ ಹಾಡನ್ನು ಶಾಲೆಗೆ ಕಳಿಸಿಬಿಟ್ಟೆ.

ಸಂಜೆ ಶಿಕ್ಷಕರ ಫೋನಿನಿಂದ ಒಂದು ಧ್ವನಿ ಸಂದೇಶ ಬಂತು. ಹಾಡಿದ ಹುಡುಗಿಯರಲ್ಲಿ ಒಬ್ಬಳು. "ಸರ್, ಮ್ಯೂಸಿಕ್ ತುಂಬಾ ಚೆನ್ನಾಗಿದೆ ಸರ್. ಆದ್ರೆ ನಾವು ನೀರಲ್ಲಿ ಮುಳುಗಿ ಎದ್ದು ಮುಳುಗಿ ಎದ್ದು ಹಾಡಿದ ಹಾಗೆ ಕೇಳ್ತಿದೆ. ನಮ್ಮಮ್ಮ ಇದು ಯಾವ ಹಾಡು ಅಂತ ಕೇಳಿದ್ರು ಸರ್."

ಮೊದಲು ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಷ್ಟು ಲೆಕ್ಕ ಮಾಡಿದ್ದೇನೆ, ಇವಳಿಗೇನು ಗೊತ್ತು ಎನ್ನಿಸಿತು. ಆಮೇಲೆ ಇಯರ್‌ಫೋನ್ ಬಿಚ್ಚಿಟ್ಟು ಫೋನಿನ ಸ್ಪೀಕರಿನಲ್ಲೇ ಹಾಡನ್ನು ಕೇಳಿದೆ. ಅವಳ ಅಮ್ಮ ಕೇಳಿದ್ದು ಹಾಗೆಯೇ ತಾನೆ. ಹುಡುಗಿ ಹೇಳಿದ್ದು ನಿಜ. ಹಾಡಿನ ಹೆಚ್ಚಿನ ಪದಗಳು ಶುರುವಾಗುವುದು ತಾಳದ ಹೊಡೆತದ ಮೇಲೆಯೇ. ಕಿಕ್ ಬೀಳುವುದೂ ಅಲ್ಲಿಯೇ. ಹಾಗಾಗಿ ಪ್ರತಿ ಪದದ ಮೊದಲ ಅಕ್ಷರವನ್ನು ಕಂಪ್ರೆಸರ್ ನುಂಗುತ್ತಿತ್ತು. "ಶಾಲೆ" ಎಂದು ಹಾಡಿದ್ದರೆ "ಲೆ" ಮಾತ್ರ ಕೇಳುತ್ತಿತ್ತು. ಪ್ರಾಸ ಹುಡುಕಲು ಸಾಲಿನ ಎರಡನೆಯ ಅಕ್ಷರ ನೋಡಿ ಎಂದು ಇದೇ ಕೋಣೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ನನ್ನ ತಾಳದಲ್ಲಿ ಎರಡನೆಯ ಅಕ್ಷರ ಉಳಿದಿತ್ತು, ಮೊದಲನೆಯದೇ ಇರಲಿಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಮಕ್ಕಳು ಹಾಡಿದ್ದನ್ನು ಹೆತ್ತ ತಾಯಿಯೇ ಗುರುತಿಸದ ಹಾಗೆ ಮಾಡಿದ್ದೆ.

ಇಲ್ಲಿ ಸೈಡ್‌ಚೈನ್ ಬರುತ್ತದೆ. ಮೊದಲಿನ ಏರ್ಪಾಟಿನಲ್ಲಿ ಆಳು ಐದನ್ನೂ ಒಟ್ಟಿಗೆ ಕೇಳಿ ಐದನ್ನೂ ಒಟ್ಟಿಗೆ ತಗ್ಗಿಸುತ್ತಿದ್ದ. ಕಿಕ್ ಕೂಡ ತನ್ನಿಂದ ತಾನೇ ತಗ್ಗುತ್ತಿತ್ತು. ಸೈಡ್‌ಚೈನ್ ಎಂದರೆ ಆಳಿನ ಕಿವಿ ಒಂದು ಕಡೆ, ಕೈ ಇನ್ನೊಂದು ಕಡೆ. ಕಿವಿ ಕಿಕ್ ಮೇಲೆ, ಕೈ ಹಾರ್ಮೋನಿಯಂ ಗುಂಡಿಯ ಮೇಲೆ. ಹೀಗೆ ಹಾರ್ಮೋನಿಯಂಗೆ ಒಂದು, ಬೇಸ್‌ಗೆ ಒಂದು ಕಂಪ್ರೆಸರ್ ಹಾಕಿದೆ. ಹುಡುಗಿಯರ ಹಾಡನ್ನೂ ತಮಟೆಯನ್ನೂ ಯಾರೂ ಮುಟ್ಟದಂತೆ ಹೊರಗೆ ಬಿಟ್ಟೆ.

ಯಾವುದು ತಗ್ಗಬೇಕು, ಯಾವುದು ತಗ್ಗಬಾರದು ಎಂಬುದಕ್ಕೆ ನಾನು ಕಂಡುಕೊಂಡ ಉತ್ತರ ಇದು. ಎಳೆದು ನಿಲ್ಲುವ ಸದ್ದು ತಗ್ಗಬಹುದು. ಹಾರ್ಮೋನಿಯಂ ಸ್ವರ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇರುವುದರಿಂದ ನಡುವೆ ತಗ್ಗಿದರೆ ಏನೂ ಕಳೆದುಹೋಗುವುದಿಲ್ಲ, ಉಬ್ಬು ಮಾತ್ರ ಕೇಳುತ್ತದೆ. ಬೇಸ್ ತಗ್ಗಲೇಬೇಕು, ಏಕೆಂದರೆ ಅದೂ ಕಿಕ್ಕೂ ಒಂದೇ ಕೆಳಗಿನ ಜಾಗಕ್ಕೆ ಜಗಳವಾಡುತ್ತವೆ. ತಮಟೆಯ ಪೆಟ್ಟು ಬಂದು ಹೋಗುವ ಸದ್ದು, ಅದನ್ನು ತಗ್ಗಿಸಿದರೆ ಉಬ್ಬು ಕೇಳುವುದಿಲ್ಲ, ಪೆಟ್ಟೇ ಹೋಗುತ್ತದೆ. ಮಾತು ಇರುವ ಸದ್ದಿನಲ್ಲಿ ಪ್ರತಿ ಅಕ್ಷರಕ್ಕೂ ಅರ್ಥವಿದೆ. ಅದನ್ನು ತಗ್ಗಿಸುವ ಮೊದಲು ಹಾಡಿದವರನ್ನು ಕೇಳಬೇಕು.

ಸೈಡ್‌ಚೈನ್ ಹಾಕಿದ ಮೇಲೆ ಮಟ್ಟದ ಚಿಂತೆ ಮುಗಿಯಿತು ಎಂದುಕೊಳ್ಳಬೇಡಿ. ಲೆಕ್ಕ ಬೇರೆ ಕಡೆಗೆ ಹೋಗುತ್ತದೆ, ಅಷ್ಟೇ. ಈಗ ತಗ್ಗು ಎಷ್ಟು ಎಂಬುದನ್ನು ಹಾರ್ಮೋನಿಯಂ ನಿರ್ಧರಿಸುವುದಿಲ್ಲ, ಕಿಕ್ ನಿರ್ಧರಿಸುತ್ತದೆ. ಕಿಕ್ ಮೈನಸ್ 8, ಥ್ರೆಶೋಲ್ಡ್ ಮೈನಸ್ 20 ಇದ್ದರೆ ಅದೇ 9 ಡೆಸಿಬಲ್. ಹಾಡಿನ ಕೊನೆಗೆ ಕಿಕ್ ಸ್ವಲ್ಪ ಜೋರಾಯಿತು ಎಂದು ಅದನ್ನು 4 ಇಳಿಸಿದಿರಿ ಎನ್ನಿ. ಆಳಿಗೆ ಕೇಳುವ ಕಿಕ್ಕೂ 4 ಇಳಿದರೆ ತಗ್ಗು 9ರಿಂದ 6ಕ್ಕೆ ಬರುತ್ತದೆ. ನೀವು ಮುಟ್ಟಿದ್ದು ಕಿಕ್, ಬದಲಾದದ್ದು ಹಾರ್ಮೋನಿಯಂ! ಇದಕ್ಕೊಂದು ಉಪಾಯವಿದೆ. ಕಿಕ್ ಟ್ರ್ಯಾಕಿನ ಒಂದು ನಕಲು ಮಾಡಿ, ಅದು ಯಾರಿಗೂ ಕೇಳದಂತೆ ಆಳಿನ ಕಿವಿಗೆ ಮಾತ್ರ ಕೊಡುವುದು. ಕೇಳುವ ಕಿಕ್ಕನ್ನು ಎಷ್ಟು ಬೇಕಾದರೂ ಏರಿಸಿ ಇಳಿಸಿ, ಕೇಳದ ಕಿಕ್ ಇದ್ದಲ್ಲೇ ಇದ್ದು ಆಳನ್ನು ನಡೆಸುತ್ತದೆ. ಇದಕ್ಕೆ ದೆವ್ವದ ಕಿಕ್ ಎಂದು ತಮಾಷೆಗೆ ಕರೆಯುತ್ತಾರೆ.

ಇನ್ನು ಹೊತ್ತಿನ ಲೆಕ್ಕ. ನಮ್ಮ ಹಾಡು ನಿಮಿಷಕ್ಕೆ 100 ಹೊಡೆತ. ಒಂದು ನಿಮಿಷಕ್ಕೆ 60,000 ಮಿಲಿಸೆಕೆಂಡ್. ಭಾಗಿಸಿದರೆ ಒಂದು ಹೊಡೆತಕ್ಕೆ 600. ತಗ್ಗಿದ ಹಾರ್ಮೋನಿಯಂ ಆ 600ರೊಳಗೆ ಪೂರ್ತಿ ಎದ್ದು ನಿಲ್ಲಬೇಕು. ನಾನು ರಿಲೀಸನ್ನು ಸುಮಾರು 300ಕ್ಕೆ ಇಟ್ಟೆ. ಅದನ್ನು 800 ಮಾಡಿದರೆ ಏಳುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ, ಹಾರ್ಮೋನಿಯಂ ಉಸಿರಾಡದೆ ಮಲಗಿಯೇ ಇರುತ್ತದೆ. ತೀರಾ ಕಡಿಮೆ ಮಾಡಿದರೆ ಬೇಸ್ ಕರಕರ ಎನ್ನುತ್ತದೆ. ಎಷ್ಟು ಸರಿ ಎಂದು ಲೆಕ್ಕ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ, ಕೊನೆಯ ತೀರ್ಮಾನ ಕಿವಿಯದ್ದು.

ಮೂರನೆಯ ಸಲ ನಾನು ಮಾಡಿದ ಕ್ರಮವನ್ನು ಹೇಳಿಬಿಡುತ್ತೇನೆ. ಆಸಕ್ತಿ ಇದ್ದವರು ಬರೆದುಕೊಳ್ಳಿ. ಕಂಪ್ರೆಸರುಗಳನ್ನೆಲ್ಲ ಆರಿಸಿ ಐದೂ ಟ್ರ್ಯಾಕುಗಳನ್ನು ಪೂರ್ತಿ ಕೆಳಗೆ ಇಳಿಸಿದೆ. ಮೊದಲು ಕಿಕ್ ಒಂದನ್ನೇ ಮೈನಸ್ 8ಕ್ಕೆ ತಂದೆ. ಮೇಲೆ ಅಷ್ಟು ಜಾಗ ಬಿಡಲೇಬೇಕು. ಐದು ಟ್ರ್ಯಾಕನ್ನೂ ಮೈನಸ್ 6ರಲ್ಲಿಟ್ಟರೆ ಒಂದೊಂದೂ ಅರ್ಧ ಎತ್ತರ, ಐದೂ ಒಂದೇ ಕ್ಷಣಕ್ಕೆ ತುದಿ ಮುಟ್ಟಿದರೆ ಎರಡೂವರೆ ಪಟ್ಟು, ಸದ್ದು ಒಡೆದೇ ಹೋಗುತ್ತದೆ. ಎರಡನೆಯದಾಗಿ ಹುಡುಗಿಯರ ಹಾಡನ್ನು ಏರಿಸಿದೆ, ಪ್ರತಿ ಪದವೂ ಕಿಕ್ ಜೊತೆಗೇ ಬಿಡಿಬಿಡಿಯಾಗಿ ಕೇಳುವವರೆಗೆ. ಮೂರನೆಯದು ಬೇಸ್. ನಾಲ್ಕನೆಯದು ಹಾರ್ಮೋನಿಯಂ. ಕೊನೆಗೆ ತಮಟೆ, ಅದೂ ಹಾರ್ಮೋನಿಯಂ ತಗ್ಗುವ ಜಾಗವನ್ನು ತುಂಬಿಬಿಡದಷ್ಟು ಮಾತ್ರ. ತಗ್ಗಿದ ಜಾಗವನ್ನು ಇನ್ನೊಂದು ಸದ್ದು ತುಂಬಿದರೆ ಲೆಕ್ಕದಲ್ಲಿ ಪಂಪಿಂಗ್ ಇದ್ದರೂ ಕಿವಿಗೆ ಕೇಳುವುದಿಲ್ಲ. ಇಷ್ಟಾದ ಮೇಲೆ, ಕಂಪ್ರೆಸರ್ ಇಲ್ಲದೆಯೇ ಹಾಡು ಹಾಡಾಗಿ ಕೇಳುತ್ತದೆ ಎಂದಾದ ಮೇಲೆ, ಕಂಪ್ರೆಸರ್ ಹಾಕಿದೆ.

ಮತ್ತೆ ಎರಡು ಎಚ್ಚರಿಕೆ. ಒಂದು, ಕಂಪ್ರೆಸರ್ ಹಾಕಿ, ಆರಿಸಿ, ಹೋಲಿಸಿ ನೋಡುವಾಗ ಎರಡರ ಜೋರೂ ಒಂದೇ ಇರಬೇಕು. ನಮ್ಮ ಕಿವಿಗೆ ಜೋರಾದದ್ದೆಲ್ಲ ಚೆನ್ನಾಗಿದೆ ಎನ್ನಿಸುತ್ತದೆ, ಅದು ಮೋಸ ಹೋಗುತ್ತದೆ. ಎರಡು, ಬರೀ ಜೋರಾಗಿ ಕೇಳಿ ಮಟ್ಟ ಹೊಂದಿಸಬೇಡಿ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದಾರೆ, ಸದ್ದು ಸಣ್ಣದಾದಾಗ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಜೋರಾಗಿ ಕೇಳುವಾಗ ತುಂಬಿ ಬಂದ ಬೇಸ್ ಸಣ್ಣಗೆ ಕೇಳಿದರೆ ಮಾಯ. ಸಣ್ಣ ಸದ್ದಿನಲ್ಲೂ ಕೇಳಿ, ಫೋನಿನ ಸ್ಪೀಕರಿನಲ್ಲೂ ಕೇಳಿ. ಆ ಪುಟ್ಟ ಸ್ಪೀಕರಿನಲ್ಲಿ ಕಿಕ್‌ನ ಕೆಳಗಿನ ಗುದ್ದು ಬರುವುದೇ ಇಲ್ಲ. ಆದರೆ ಹಾರ್ಮೋನಿಯಂ ತಗ್ಗಿ ಏಳುವುದು ಕೇಳುತ್ತದಲ್ಲ, ಅದರಿಂದಲೇ ಅಲ್ಲೊಂದು ಪೆಟ್ಟು ಬಿತ್ತು ಎಂದು ಮೈಗೆ ತಿಳಿಯುತ್ತದೆ. ಇದು ನನಗೆ ಇಂದಿಗೂ ಸೋಜಿಗ.

ಇದಕ್ಕೆಲ್ಲ ದುಡ್ಡು ಬೇಕೇ ಎಂದು ಕೇಳಬಹುದು. ಎಲ್‌ಎಂಎಂಎಸ್ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಪೀಕ್ ಕಂಟ್ರೋಲರ್ ಎಂಬ ಸಲಕರಣೆ ಇದೆ, ಒಂದು ಟ್ರ್ಯಾಕಿನ ಸದ್ದನ್ನು ಅಳೆದು ಇನ್ನೊಂದರ ಗುಂಡಿ ತಿರುಗಿಸುತ್ತದೆ. ಆಡಾಸಿಟಿಯೂ ಉಚಿತ, ಅದರಲ್ಲಿ ಆಟೋ ಡಕ್ ಎಂಬುದಿದೆ. ಶಾಲೆಯ ಕಂಪ್ಯೂಟರ್ ಕೋಣೆಗೆ ಎರಡನ್ನೂ ಹಾಕಿಸಿದ್ದೇನೆ. ಎರಡೇ ಟ್ರ್ಯಾಕಿನಿಂದ ಶುರುಮಾಡಿ, ಒಂದು ಕಿಕ್, ಒಂದು ಹಾರ್ಮೋನಿಯಂ. ಅಂತರ 4 ಇಟ್ಟು ಕೇಳಿ, 12 ಇಟ್ಟು ಕೇಳಿ. ನಾನು ಎರಡು ರಾತ್ರಿಯಲ್ಲಿ ಕಲಿತದ್ದನ್ನು ನೀವು ಅರ್ಧ ಗಂಟೆಯಲ್ಲಿ ಕಲಿಯುತ್ತೀರಿ.

ಮೂರನೆಯ ಹಾಡನ್ನು ಕಳಿಸುವಾಗ ಈ ಸಲ ಒಂದು ಸಾಲು ಸೇರಿಸಿದೆ: "ಮೊದಲು ಅಮ್ಮನಿಗೆ ಕೇಳಿಸಿ, ಆಮೇಲೆ ನನಗೆ ಹೇಳಿ." ಮರುದಿನ ಅದೇ ಹುಡುಗಿಯ ದನಿ ಬಂತು. "ಸರ್, ಅಮ್ಮ ಎರಡನೇ ಸಾಲಿಗೇ ಜೊತೆಗೆ ಹಾಡೋಕೆ ಶುರು ಮಾಡಿದ್ರು. ನಾನು ಮನೇಲಿ ಪ್ರಾಕ್ಟೀಸ್ ಮಾಡೋವಾಗ ಕೇಳಿ ಕೇಳಿ ಬಾಯಿಪಾಠ ಆಗಿದೆಯಂತೆ." ಆ ತಾಯಿ ಇಲ್ಲಿ ಎಲ್ಲೋ ಕೂತಿರಬಹುದು. ಅಮ್ಮಾ, ನಿಮಗೆ ನನ್ನ ನಮಸ್ಕಾರ. ನಿನ್ನೆ ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಾ ನಾನು ಕಿಕ್ಕನ್ನು ಕೇಳುತ್ತಿರಲಿಲ್ಲ. ಪದಗಳ ಮೊದಲ ಅಕ್ಷರ ಕೇಳುತ್ತದೆಯೋ ಇಲ್ಲವೋ ಎಂದು ಕಿವಿಗೊಟ್ಟಿದ್ದೆ. ಹಾಲಿನ ಡೇರಿಯ ತಿರುವಿನಲ್ಲಿ ನಿಂತಿದ್ದ ಇಬ್ಬರು ಅಜ್ಜಿಯರು ಪದ ಬಿಡದೆ ಜೊತೆಗೂಡಿಸಿದಾಗ ನಿರಾಳವಾಯಿತು.

  ಊಟದ ವೇಳೆಗೆ ಕಂಪ್ಯೂಟರ್ ಕೋಣೆಯಲ್ಲಿರುತ್ತೇನೆ, ಕೇಳಿ ನೋಡಬೇಕೆನ್ನುವವರು ಬನ್ನಿ.